ಬಾಣಂತನದ ಕೋಣೆ

ರಾಯಪುರಂ, ಚೆನ್ನೈ
ಏಪ್ರಿಲ್ 10, 2025

ಮುದ್ದಿನ ಶ್ರೀಯಾ,

ಹೇಗಿದ್ದೀಯೇ ಮಗಳೇ? ಕಾಲಿನ ಊತ ಇಳಿಯಿತೇ? ಮಗು ರಾತ್ರಿಯೆಲ್ಲ ಒದೆಯುತ್ತದೆ ಅಂದಿದ್ದೆ. ಒದೆಯಲಿ ಬಿಡು, ನೀನೇನು ನನ್ನನ್ನು ನೆಮ್ಮದಿಯಾಗಿ ಮಲಗಲು ಬಿಟ್ಟವಳೇ? ರಜತ್ ಬ್ಯಾಂಕಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆ ತಾನೇ? ನಿಮ್ಮತ್ತೆಯ ಮಂಡಿನೋವು ಹೇಗಿದೆ? ಫೋನಿಟ್ಟುಕೊಂಡು ಅಮ್ಮ ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡ. ನಾನು ಫೋನ್ ಎತ್ತಿದರೆ ನಿಮ್ಮಪ್ಪ ಸ್ಪೀಕರ್ ಹಾಕುತ್ತಾರೆ, ಆಮೇಲೆ ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಾರೆ.

ಇಲ್ಲಿ ನಿನ್ನ ಬಾಣಂತನದ ತಯಾರಿ ಜೋರಾಗಿದೆ. ಅಪ್ಪ ರೈಲ್ವೆ ಆಫೀಸಿಗೆ ರಜೆ ಹಾಕಿ ಹಿಂದಿನ ಕೋಣೆಗೆ ತಾವೇ ಸುಣ್ಣ ಬಳಿದರು. ಅರ್ಧ ಸುಣ್ಣ ಗೋಡೆಗೆ, ಅರ್ಧ ಅವರ ತಲೆಗೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಪಟ್ಟಿ ಅಂಟಿಸಿದ್ದಾರೆ. ಅಜ್ಜಿಯ ಕಾಲದ ಹಂಡೆ ಅಟ್ಟದಿಂದ ಇಳಿದಿದೆ. ಬಜೆ, ಸಾಂಬ್ರಾಣಿ, ಇದ್ದಿಲು, ತಲೆಗೆ ಕಟ್ಟುವ ಬಟ್ಟೆ ಎಲ್ಲವೂ ಬಂದಿವೆ. ತಿಂಗಳ ಕೊನೆಗೆ ಅವರೇ ಹಾಸನಕ್ಕೆ ಬಂದು ನಿನ್ನನ್ನು ಕರೆತರುತ್ತಾರಂತೆ. ಚೊಚ್ಚಲ ಹೆರಿಗೆ ತವರಿನಲ್ಲೇ ಎಂದು ಬೀದಿಗೆಲ್ಲ ಸಾರಿಯಾಗಿದೆ.

ಈ ಸಲದ ಸೆಕೆ ಮಾತ್ರ ಹೇಳತೀರದು. ನಾನು ಬಿಸಿಲಿಗೆ ಹೆದರುವವಳಲ್ಲ, ಅದು ನಿನಗೂ ಗೊತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಊಟದ ಹೊತ್ತಿಗೆಲ್ಲ ಬಂದರಿನ ಕಡೆಯಿಂದ ಕಡಲ ಗಾಳಿ ಬಂದುಬಿಡುತ್ತಿತ್ತು. ಈಗ ಸಂಜೆಯಾದರೂ ಅದರ ಸುಳಿವಿಲ್ಲ, ಬಂದರೂ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಿರುತ್ತದೆ. ಮೇಲಿನ ತೊಟ್ಟಿಯ ನೀರು ಬೆಳಗ್ಗೆ ಎದ್ದಾಗಲೂ ಬಿಸಿ. ಗೋಡೆ ರಾತ್ರಿ ಕಳೆದರೂ ಆರುವುದಿಲ್ಲ. ಅಕ್ಕಪಕ್ಕದವರ ಏಸಿಗಳು ಒಳಗಿನ ಬಿಸಿಯನ್ನೆಲ್ಲ ನಮ್ಮ ಕಿಟಕಿಗೆ ಉಗುಳುತ್ತವೆ. ನೀನು ಶಾಲೆಯ ಮಕ್ಕಳಿಗೆ ಮಾಡುವ ಪಾಠವನ್ನು ಒಮ್ಮೆ ನನಗೂ ಒಪ್ಪಿಸಿದ್ದೆ, ನೆನಪಿದೆಯೇ? ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ನಿಂತುಬಿಡುತ್ತದೆ, ಶಾಖ ಹೊರಗೆ ಹೋಗುವುದಿಲ್ಲ, ಸಮುದ್ರವೂ ಕಾಯುತ್ತದೆ ಅಂತ. ನಾನು ಹೂಂಗುಟ್ಟುತ್ತಾ ಬೀನ್ಸ್ ಹೆಚ್ಚುತ್ತಿದ್ದೆ. ಈಗ ಆ ಪಾಠ ಮೈಗೇ ತಿಳಿಯುತ್ತಿದೆ.

ಕೆಳಗಿನ ಮನೆಯ ಜಯಲಕ್ಷ್ಮೀ ಮಗಳು, ಬಾಣಂತನಕ್ಕೆ ಬಂದಿದ್ದ ತೃಪ್ತಿಯ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಅವಳ ಮಗುವಿಗೆ ಜ್ವರ ಬಂದಿತ್ತು ಎಂದಷ್ಟೇ ಹೇಳಿದ್ದೆ. ಅದು ಜ್ವರವಲ್ಲ ಮಗಳೇ. ಅವತ್ತು ಮಧ್ಯಾಹ್ನ ಬೀದಿಯ ಏಸಿಗಳೆಲ್ಲ ಒಟ್ಟಿಗೆ ಓಡಿ ಕರೆಂಟು ಹೋಯಿತು. ಕದ ಕಿಟಕಿ ಮುಚ್ಚಿದ ಕೋಣೆ, ಮೂಲೆಯಲ್ಲಿ ಇದ್ದಿಲಿನ ಹೊಗೆ. ಮಗು ಹಾಲು ಕುಡಿಯುವುದನ್ನು ನಿಲ್ಲಿಸಿತು. ಮೈ ಸುಡುತ್ತಿತ್ತು. ಶೀತಜ್ವರವೆಂದು ಜಯಲಕ್ಷ್ಮೀ ಇನ್ನೊಂದು ಉಣ್ಣೆಬಟ್ಟೆ ಸುತ್ತಿದರು, ಕುಲಾವಿ ಹಾಕಿದರು. ನಾನು ಕಷಾಯ ಕೊಡಲು ಇಳಿದು ಹೋದಾಗ ಕಿಟಕಿ ತೆಗೆಯಲೇ ಎಂದರೆ, "ಬೇಡ್ರೀ, ಹಸೀ ಮೈ, ಕಾತ್ತು ತಾಗುತ್ತೆ" ಎಂದು ಗಾಳಿಗೆ ಹೆದರಿದರು. ಮಗುವಿಗೆ ಅಳುವ ತ್ರಾಣವೂ ಇರಲಿಲ್ಲ. ತೃಪ್ತಿ ಏನೇನೋ ಬಡಬಡಿಸುತ್ತಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಅಲ್ಲಿಯ ನರ್ಸ್ "ಮೊದಲ್ಲೆ ತುಣಿಯೆಲ್ಲಾ ಎಡುಂಗಮ್ಮಾ!" ಎಂದು ಕೂಗುತ್ತಾ ಸುತ್ತಿದ ಬಟ್ಟೆಗಳನ್ನು ಒಂದೊಂದಾಗಿ ಕಿತ್ತು ಎಸೆದಳು. ಬರೀ ಸೆಕೆಯಿಂದಲೇ ಹೀಗಾಗಿದೆ, ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಮಗು ಬದುಕಿತು. ಜಯಲಕ್ಷ್ಮೀಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರ ತಾಯಿ ಮಾಡಿದ್ದನ್ನು ಅವರು ಮಾಡಿದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಮಗು ಮಂಕಾದರೆ ಬೆಚ್ಚಗಿಡಬೇಕು ಅನ್ನುವುದೊಂದೇ ನಮ್ಮ ಕೈಗಳಿಗೆ ಗೊತ್ತು. ನನಗೆ ಭಯವಾಗುವುದೇ ಅದಕ್ಕೆ.

ಈ ಬಿಸಿಲಿನ ಭಯವನ್ನು ಅಪ್ಪನಿಗೆ ಹೇಳಿ ನೋಡಿದೆ. "ಮದ್ರಾಸ್ ವೆಯಿಲು ನಮಗೇನ್ ಹೊಸದಾ? ನಾನ್ ಹುಟ್ಟಿದ್ದೂ ಮೇ ತಿಂಗಳಲ್ಲೇ ತಾನೇ? ಏಸಿ ಹಾಕ್ಸಿದ್ದೀನಲ್ಲ" ಅಂದರು. ಕರೆಂಟು ಹೋದರೆ ಎಂದೆ. "ಒಬ್ಳೇ ಮಗಳು, ಬೀಗರ ಮನೇಲಿ ಹೆತ್ರೆ ನಾನು ತಲೆ ಎತ್ಕೊಂಡು ಓಡಾಡ್ಲಾ?" ಅಂದವರ ಕಣ್ಣು ತುಂಬಿಬಿಟ್ಟಿತು. ನಿನ್ನೆ ಅವರು ಆಫೀಸಿಗೆ ಹೋದ ಮೇಲೆ ಆ ಕೋಣೆಗೆ ಹೋಗಿ ಕದ ಹಾಕಿಕೊಂಡೆ. ಏಸಿ, ಫ್ಯಾನು ಎರಡನ್ನೂ ಆರಿಸಿ, ಬಾಣಂತಿಯ ಹಾಗೆ ತಲೆಗೆ ಬಟ್ಟೆ ಕಟ್ಟಿ ಮಂಚದ ಮೇಲೆ ಕುಳಿತೆ. ನೀನೂ ಪುಟ್ಟದೂ ಹೇಗಿರುತ್ತೀರಿ ನೋಡೋಣ ಅಂತ. ಸ್ವಲ್ಪ ಹೊತ್ತಿಗೇ ಎದೆ ಹೊಡೆದುಕೊಳ್ಳಲು ಶುರುವಾಯಿತು, ಕಣ್ಣು ಕತ್ತಲೆ ಬಂತು, ಚಿಲಕ ಎಲ್ಲಿದೆ ಅಂತ ತಡಕಾಡಿದೆ. ಇದಿನ್ನೂ ಏಪ್ರಿಲ್. ಹೊರಗೆ ಬಂದು ತಲೆಯ ಬಟ್ಟೆ ಬಿಚ್ಚಿ ಹಾಕಿ, ಒಂದು ಚೊಂಬು ನೀರು ಕುಡಿದೆ.

ಇರಲಿ. ಹೊತ್ತು ಹೊತ್ತಿಗೆ ಊಟ ಮಾಡು, ಎಳನೀರು ತಪ್ಪಿಸಬೇಡ. ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು, ರಜತ್‌ಗೆ ಆಶೀರ್ವಾದ. ತಾಯಿ ಮಗು ಇಬ್ಬರನ್ನೂ ದೇವರು ತಂಪಾಗಿಟ್ಟಿರಲಿ.

ನಿನ್ನ ಅಮ್ಮ,
ವಿನೋದಾ

ತಾ.ಕ.: ಅಪ್ಪ ಬಂದ ಹಾಗಿದೆ, ಬೇಗ ಬರೆಯುತ್ತೇನೆ. ನೀನು ಇಲ್ಲಿಗೆ ಬರಬೇಡ. ಪ್ರಯಾಣ ಕೂಡದು ಅಂತ ಡಾಕ್ಟರು ಹೇಳಿದರೆಂದು ಅಪ್ಪನಿಗೆ ಹೇಳಿಬಿಡು. ಬೀಗರ ಮನೆಯ ಅಡುಗೆಮನೆಯಲ್ಲಿ ಮಲಗಿದರೂ ಸರಿ, ನಾನೇ ಅಲ್ಲಿಗೆ ಬರುತ್ತೇನೆ. ಆಗ ಅಪ್ಪ ನನ್ನ ಕೈಗೆ ಫೋನ್ ಕೊಟ್ಟು, ಮಗಳನ್ನು ಮನೆಗೆ ಕರಿ ಅನ್ನುತ್ತಾರೆ. ಕರೆಯುತ್ತೇನೆ. ಅಳುತ್ತೇನೆ ಕೂಡ, ಆ ಅಳು ಸುಳ್ಳಲ್ಲ. ಆದರೂ ಬರಬೇಡ.