ಏಳನೇ ಏಟು

ತರೀಕೆರೆ
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ಕೋಮಲಾ,

ನಾನು ಚೆನ್ನಾಗಿಲ್ಲ. ನೀನಾದರೂ ಚೆನ್ನಾಗಿರು ಅಂತ ಬರೆದು ಮುಂದಕ್ಕೆ ಹೋಗ್ತೀನಿ, ಯಾಕಂದ್ರೆ ಇವತ್ತು ನನಗೆ ನಿನ್ನ ಮೇಲೆ ಕೆಟ್ಟ ಕೋಪ ಬಂದಿದೆ. ಫೋನ್ ಮಾಡಿದರೆ ನಾನು ಕೂಗಾಡ್ತೀನಿ, ನೀನು ಅಳ್ತೀಯ, ಅಲ್ಲಿಗೆ ಮಾತು ಮುಗಿಯುತ್ತೆ. ನಮ್ಮ ಹಳೇ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹಾಕೋಣ ಅಂದರೆ ಓಂಕಾರೇಶ ಅದಕ್ಕೂ ಒಂದು ಕೈಮುಗಿಯೋ ಗೊಂಬೆ ಒತ್ತಿ ಕೆಳಗೆ ಶುಭೋದಯ ಹಾಕ್ತಾನೆ. ಅದಕ್ಕೇ ಪೆನ್ನು ಹಿಡಿದಿದ್ದೀನಿ. ಮಕ್ಕಳ ಟೆಸ್ಟ್ ಪೇಪರು ತಿದ್ದೋದು ಬಿಟ್ಟು ಕೂತಿದ್ದೀನಿ, ಪೂರ್ತಿ ಓದು.

ಬರೋ ಭಾನುವಾರ ಅಜ್ಜಂಪುರದಲ್ಲಿ ನಿಮ್ಮಪ್ಪನಿಗೆ ಗುರುವಂದನೆ. ಸಂತೋಷ. ಈರಭದ್ರಪ್ಪ ಮೇಷ್ಟ್ರಿಗೆ ಎಂಬತ್ತೆರಡಾಯ್ತು, ನಾವು ಏಳನೇ ಕ್ಲಾಸು ಮುಗಿಸಿ ನಲವತ್ತು ವರ್ಷವಾಯ್ತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡಿ, ನನ್ನದೇನೂ ತಕರಾರಿಲ್ಲ. ಆದರೆ ನಿನ್ನೆ ಓಂಕಾರೇಶ ಕಾರ್ಯಕ್ರಮದ ಪಟ್ಟಿ ಹಾಕಿದನಲ್ಲ, ಅದರಲ್ಲಿ ಪಾದಪೂಜೆ ಆದಮೇಲೆ ‘ಹಳೇ ಕ್ಲಾಸು, ಹಳೇ ಮಜಾ’ ಅಂತ ಹತ್ತು ನಿಮಿಷ ಇಟ್ಟಿದ್ದಾನೆ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳೋದು, ನಾವು ಸಾಲಾಗಿ ನಿಲ್ಲೋದು, ಉತ್ತರ ಹೇಳಿದವರು ಹೇಳದೆ ಇದ್ದವರ ಮೂಗು ಹಿಡಿದು ಕೆನ್ನೆಗೆ ಹೊಡೆಯೋದು. ತಮಾಷೆಗಂತೆ! ಹೊಡೆಯೋಳು ಮಲ್ಲಿಕಾಂಬ, ಅಂದರೆ ನಾನು, ಹೊಡೆಸಿಕೊಳ್ಳೋಳು ಹಾಲಮ್ಮ ಅಂತ ಹೆಸರು ಸಮೇತ ಬರೆದಿದ್ದಾನೆ. ಅದರ ಕೆಳಗೆ ನೀನು ಬರೆದೆ, ಅಪ್ಪನಿಗೆ ಓದಿ ಹೇಳಿದೆ, ಈಗಿಂದಲೇ ನಗ್ತಿದ್ದಾರೆ ಅಂತ.

ಆ ನಗು ನನಗೆ ಗೊತ್ತು ಕಣೆ.

ಮಗಳಾಗಿ ನಿನಗೆ ಇದು ಕಹಿ ಅನ್ನಿಸುತ್ತೆ, ಆದರೂ ಹೇಳ್ತೀನಿ. ನಮ್ಮಪ್ಪನೂ ನನಗೆ ಹೊಡೆದಿದ್ದಾರೆ. ಕೋಪ ನೆತ್ತಿಗೇರಿದಾಗ ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿಬಿಡ್ತಿದ್ದರು, ಆಮೇಲೆ ಸಂಜೆ ಅಂಗಡಿಯಿಂದ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಂದು ಸುಮ್ಮನೆ ಪಕ್ಕದಲ್ಲಿ ಇಟ್ಟು ಹೋಗೋರು. ನಿಮ್ಮಪ್ಪನಿಗೆ ಒಂದು ದಿನವೂ ಕೋಪ ಬಂದದ್ದು ನಾನು ನೋಡಿಲ್ಲ. ಅವರು ಮೊದಲು ನಸ್ಯದ ಡಬ್ಬಿ ತೆಗೆಯೋರು. ಚಿಟಿಕೆ ಏರಿಸಿ, ಪಂಚೆಯ ತುದಿಯಲ್ಲಿ ಬೆರಳು ಒರೆಸಿ, ಸಾಲಿನಲ್ಲಿ ಇವತ್ತು ಯಾರ ಮುಖ ಜಾಸ್ತಿ ಬಿಳಿಚಿಕೊಂಡಿದೆ ಅಂತ ನಿಧಾನವಾಗಿ ನೋಡೋರು. ಪ್ರಶ್ನೆ ಅಲ್ಲಿಗೇ ಹೋಗೋದು. ಹೊಡೆತ ಬೀಳೋವಾಗ ಅವರು ಏಟನ್ನು ನೋಡ್ತಿರಲಿಲ್ಲ, ಕಣ್ಣು ನೋಡ್ತಿದ್ದರು. ಎಲ್ಲ ಮುಗಿದ ಮೇಲೆ ಅವರಿಗೆ ಹಸಿವಾಗೋದು. ನಿಮ್ಮ ಮನೆಗೆ ಓಡಿಹೋಗಿ ನಿಮ್ಮಮ್ಮನ ಕೈಯಿಂದ ರೊಟ್ಟಿಯ ಡಬ್ಬಿ ತರ್ತಿದ್ದವಳು ನಾನೇ, ಮರೆತೆಯಾ?

ನನ್ನ ಶಾಲೆಯ ಮಕ್ಕಳು ಈಗ ಹೋಂವರ್ಕ್ ಕೊಟ್ಟವರನ್ನೆಲ್ಲ ಸ್ಯಾಡಿಸ್ಟ್ ಅಂತ ಬೈತಾರೆ. ಕೇಳಿ ಕೇಳಿ ಸಾಕಾಗಿ ನಿಘಂಟು ತೆಗೆದೆ. ಕನ್ನಡದಲ್ಲಿ ಪರಪೀಡನಾನಂದ ಅಂತ ಬರೆದಿದ್ದಾರೆ, ನಾಲಿಗೆ ಹೊರಳಲ್ಲ. ಇನ್ನೊಬ್ಬರ ನೋವಿನಲ್ಲಿ ಸುಖ ಪಡೋದು, ಅಷ್ಟೆ. ಫ್ರಾನ್ಸಿನ ಯಾವನೋ ಸಾಹುಕಾರನ ಹೆಸರಿನಿಂದ ಬಂದ ಪದವಂತೆ. ಹೆಸರು ಅವನದಿರಬಹುದು, ಚಟ ಅವನಿಗಿಂತ ಬಹಳ ಹಳೆಯದು. ರೋಮಿನಲ್ಲಿ ಮನುಷ್ಯನ ಮೇಲೆ ಸಿಂಹ ಬಿಟ್ಟು ಜನ ಬುತ್ತಿ ಬಿಚ್ಚಿಕೊಂಡು ನೋಡಿದರು ಅಂತ ನಾನೇ ಎಂಟನೇ ಕ್ಲಾಸಿಗೆ ಪಾಠ ಮಾಡ್ತೀನಿ. ನಮ್ಮ ದೇಶದ ರಾಜರು ಅಪರಾಧಿಯನ್ನು ಆನೆ ಕಾಲಿಗೆ ಹಾಕಿಸಿ ಊರವರನ್ನೆಲ್ಲ ಕರೆಸಿ ತೋರಿಸಿದರು. ನಮ್ಮ ತಾತಂದಿರ ಕಾಲದ ಕೂಲಿಮಠಗಳಲ್ಲಿ ಕೋದಂಡ ಅಂತ ಒಂದು ಶಿಕ್ಷೆ ಇತ್ತು. ಜಂತೆಗೆ ಹಗ್ಗ ಬಿಗಿದು, ಹುಡುಗನ್ನ ಅದಕ್ಕೆ ಜೋತುಬೀಳಿಸಿ, ಕೈ ಸೋತು ಬಿದ್ದರೆ ಬೀಳೋ ಜಾಗದಲ್ಲಿ ಮುಳ್ಳು ಹರಡೋರು. ಅಕ್ಷರ ಕಲಿಸೋದಕ್ಕೆ ಮುಳ್ಳು ಯಾಕೆ ಬೇಕು ಹೇಳು? ಮೊನ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಮೊಬೈಲು ತೋರಿಸಿದರು, ಯಾವುದೋ ಊರಲ್ಲಿ ತೆಂಗಿನಕಾಯಿ ಕದ್ದವನನ್ನು ಲೈಟ್ ಕಂಬಕ್ಕೆ ಕಟ್ಟಿ ಬಡಿಯೋ ವಿಡಿಯೋ. ಹೊಡೆಯೋರು ಇಬ್ಬರು, ವಿಡಿಯೋ ಮಾಡೋರು ಮೂವತ್ತು ಜನ. ನೋಡೋರಿಲ್ಲದಿದ್ದರೆ ಈ ಸುಖದಲ್ಲಿ ಅರ್ಧ ಖೋತಾ ಕಣೆ. ನಿಮ್ಮಪ್ಪ ಒಬ್ಬರೇ ಇದನ್ನು ಮಾಡಲಿಲ್ಲ, ನಾವು ನಲವತ್ತು ಮಕ್ಕಳು ಕೂತು ನಕ್ಕೆವು.

ನೀವೆಲ್ಲ ಏನು ಹೇಳ್ತೀರಿ ಅಂತ ಗೊತ್ತು. ಮೇಷ್ಟ್ರು ಹೊಡೆದದ್ದಕ್ಕೇ ನಾವು ಮನುಷ್ಯರಾದ್ವಿ ಅಂತೀರಿ. ಓಂಕಾರೇಶ ಈ ಮಾತನ್ನು ದಿನಕ್ಕೊಂದು ಸಲ ಗ್ರೂಪಿಗೆ ಹಾಕ್ತಾನೆ. ಮೈಯೆಲ್ಲ ಉರಿಯುತ್ತೆ ನನಗೆ! ನಿಮ್ಮಪ್ಪ ಭೂಪಟ ಬರೆಸಿದ್ದು, ಮಗ್ಗಿ ಹೇಳಿಸಿದ್ದು, ಶಿವಮೊಗ್ಗದಿಂದ ಪುಸ್ತಕ ತಂದುಕೊಟ್ಟದ್ದು, ಅದರಿಂದ ನಾನು ಟೀಚರಾದೆ. ಅದಕ್ಕೆ ಈಗಲೂ ಕೈಮುಗೀತೀನಿ. ಹೊಡೆತದಿಂದ ಯಾರು ಏನಾದರು ಅಂತ ನೋಡಬೇಕಾದರೆ ಹಾಲಮ್ಮನ್ನ ನೋಡು. ಯಗಟಿ ಕಡೆಯಿಂದ ಕುರಿ ಹೊಡಕೊಂಡು ಬಂದು, ಅವರ ಸೋದರತ್ತೆ ಮನೆಯಲ್ಲಿ ಇದ್ದುಕೊಂಡು ನಮ್ಮೂರ ಶಾಲೆಗೆ ಸೇರಿದ ಹುಡುಗಿ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಅವಳು ಒಳಗೆ ಬಂದ ಕೂಡಲೇ ನಿಮ್ಮಪ್ಪ ಕುರಿ ವಾಸನೆ ಅಂತ ಮೂಗಿಗೆ ಪಂಚೆ ಹಿಡಿಯೋರು, ನಾವು ಗೊಳ್ಳೆಂದು ನಗೋದು. ಅವಳೂ ನಗೋಳು ಪಾಪ, ಇನ್ನೇನು ಮಾಡ್ತಾಳೆ.

ಆ ದಿನ ಜ್ಞಾಪಿಸಿಕೋ. ಆರನೇ ಕ್ಲಾಸು, ದಸರಾ ರಜೆ ಮುಗಿದ ವಾರ. ವೇದಾವತಿ ಯಾವ ನದಿಗೆ ಸೇರುತ್ತೆ ಅನ್ನೋದು ಪ್ರಶ್ನೆ. ಮೊದಲು ನಿನ್ನ ಸರದಿ, ನೀನು ಬಾಯಿ ಬಿಡಲಿಲ್ಲ. ಆಮೇಲೆ ಹಾಲಮ್ಮ, ಅವಳು ತಲೆ ತಗ್ಗಿಸಿದಳು. ಮೂರನೆಯವಳು ನಾನು. ತುಂಗಭದ್ರೆ ಅಂದೆ. ನಿಯಮ ನಿನಗೆ ಗೊತ್ತಲ್ಲ, ಉತ್ತರ ಹೇಳಿದವರು ಹಿಂದಕ್ಕೆ ಬಂದು ಸೋತವರಿಗೆಲ್ಲ ಹೊಡೀಬೇಕು, ಮೆಲ್ಲಗೆ ಹೊಡೆದರೆ ಅದೇ ಏಟು ತಿರುಗಿ ತನಗೆ. ನೀನು ಮೇಷ್ಟ್ರ ಮಗಳು ಅಂತ ನಿನ್ನ ಕೆನ್ನೆಗೆ ಮುಟ್ಟಿದ ಹಾಗೆ ಮಾಡಿದೆ. ಆಗ ನಿಮ್ಮಪ್ಪ ನಸ್ಯದ ಡಬ್ಬಿ ಹುಡುಕ್ತಿದ್ದರು, ನೋಡಲಿಲ್ಲ. ಆಮೇಲೆ ಹಾಲಮ್ಮನ ಮೂಗು ಹಿಡಿದೆ. ಒಂದು ಹೊಡೆದೆ. ಸದ್ದೇ ಬರಲಿಲ್ಲವಲ್ಲಮ್ಮ ಅಂದರು. ಇನ್ನೊಂದು ಹೊಡೆದೆ. ರಾಗಿ ಮುದ್ದೆ ತಿನ್ನಲ್ವಾ ನೀನು ಅಂದರು. ಓಂಕಾರೇಶ ಮೂರು, ನಾಲ್ಕು ಅಂತ ಜೋರಾಗಿ ಎಣಿಸೋಕೆ ಶುರುಮಾಡಿದ. ಒಟ್ಟು ಏಳಾಯ್ತು. ಮಾರನೇ ದಿನ ಅವಳು ಬರಲಿಲ್ಲ. ಕಿವಿ ಸೋರ್ತಿದೆಯಂತೆ ಅಂತ ಊರಲ್ಲಿ ಅಂದರು, ಆಮೇಲೆ ಯಗಟಿಗೆ ಕರಕೊಂಡು ಹೋದರಂತೆ ಅಂದರು. ಅವಳ ಎಡಗಿವಿ ಅವತ್ತಿಂದ ಕೇಳಿಸಲ್ಲ. ಶಾಲೆಯೂ ಅಲ್ಲಿಗೇ ನಿಂತುಹೋಯ್ತು. ಈಗ ಅವಳನ್ನೇ ಕರೆಸಿ, ಸೀರೆ ಕೊಟ್ಟು, ಸ್ಟೇಜ್ ಹತ್ತಿಸಿ ಅದೇ ಕೆನ್ನೆಗೆ ಇನ್ನೊಂದು ಸಲ ಹೊಡೆಸಿ ನಗ್ತೀರಾ? ನಾಚಿಕೆ ಆಗಲ್ವೇನೇ ನಿಮಗೆ?

ಇಷ್ಟು ಬರೆದು ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದೆ. ಬರೆದದ್ದನ್ನು ತಿರುಗಿ ಓದಿದೆ. ನಿಮ್ಮಪ್ಪನಿಗೆ ಬೈದು ನಿನ್ನ ಬಾಯಿ ಮುಚ್ಚಿಸೋದು ಸುಲಭ. ನಲವತ್ತು ವರ್ಷದಿಂದ ನಾನು ಈ ಕಥೆಯನ್ನು ಎಲ್ಲರಿಗೂ ಹೀಗೇ ಹೇಳಿದ್ದೀನಿ, ಮೇಷ್ಟ್ರು ಹೊಡೆಸಿದರು, ನಾನು ಹೊಡೆದೆ ಅಂತ. ನಮ್ಮೆಜಮಾನರಿಗೂ ಹಾಗೇ ಹೇಳಿದ್ದೀನಿ. ಅದು ಪೂರ್ತಿ ನಿಜ ಅಲ್ಲ ಕೋಮಲಾ.

ಆರನೇ ಏಟಿಗೆ ನಿಮ್ಮಪ್ಪ ಸಾಕು ಅಂದರು. ಡಬ್ಬಿ ಮುಚ್ಚಿ ಜೇಬಿಗೆ ಹಾಕಿದ ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಏಳನೇದು ನಂದು. ಯಾರೂ ಹೇಳಲಿಲ್ಲ. ಎಲ್ಲಕ್ಕಿಂತ ಜೋರಾಗಿ ಬಿದ್ದದ್ದು ಅದೇ. ಅವಳ ಮೇಲೆ ನನಗೆ ಎಳ್ಳಷ್ಟೂ ದ್ವೇಷ ಇರಲಿಲ್ಲ, ಅವರ ಮನೆ ಮಜ್ಜಿಗೆ ಎಷ್ಟು ಸಲ ಕುಡಿದಿದ್ದೀನಿ. ಕ್ಲಾಸೆಲ್ಲ ನನ್ನನ್ನೇ ನೋಡ್ತಿತ್ತು, ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮೂಗು ನನ್ನ ಕೈಯಲ್ಲಿತ್ತು. ಕೈಗೆ ರುಚಿ ಹತ್ತಿಬಿಟ್ಟಿತ್ತು. ಇದಕ್ಕಿಂತ ಬೇರೆ ಥರ ಹೇಳೋಕೆ ನನಗೆ ಬರಲ್ಲ. ನಿಘಂಟಿನ ಆ ಉದ್ದದ ಪದ ಓದಿದಾಗ ನನಗೆ ಮೊದಲು ನೆನಪಾದದ್ದು ನಿಮ್ಮಪ್ಪ ಅಲ್ಲ.

ಈಗ ನಾನು ಮಕ್ಕಳ ಮೇಲೆ ಕೈ ಎತ್ತಲ್ಲ, ಕಾನೂನೂ ಬಿಡಲ್ಲ. ಆದರೆ ಹೋದ ತಿಂಗಳು ನಯನ ಅನ್ನೋ ಹುಡುಗಿ ತಡವರಿಸಿ ಓದಿದಳು ಅಂತ ಅವಳ ಹಾಗೇ ತಡವರಿಸಿ ತೋರಿಸಿಬಿಟ್ಟೆ. ಕ್ಲಾಸು ಬಿದ್ದುಬಿದ್ದು ನಕ್ಕಿತು. ನನಗೆ ಒಂದು ಗಳಿಗೆ ಹಿತವಾಯ್ತು. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳಕೊಂಡೆ. ಮಾರನೇ ದಿನ ಕ್ಲಾಸಿನ ಎದುರಿಗೇ ಅವಳ ಹತ್ತಿರ ತಪ್ಪಾಯ್ತು ಅಂತ ಕೇಳಿಕೊಂಡೆ. ಹಾಲಮ್ಮನ ಹತ್ತಿರ ಇನ್ನೂ ಕೇಳಿಲ್ಲ.

ಅದಕ್ಕೇ ಹೇಳ್ತಿದ್ದೀನಿ, ಆ ಹತ್ತು ನಿಮಿಷವನ್ನು ಪಟ್ಟಿಯಿಂದ ತೆಗೆಸು. ಓಂಕಾರೇಶ ನನ್ನ ಮಾತು ಕೇಳಲ್ಲ, ಮೇಷ್ಟ್ರ ಮಗಳು ನೀನು, ನಿನ್ನ ಮಾತು ಮೀರಲ್ಲ. ಹಾಲಮ್ಮ ಬಂದರೆ ಮುಂದಿನ ಸಾಲಿನಲ್ಲಿ ಕೂರಿಸಿ ಊಟ ಹಾಕಿ, ಸ್ಟೇಜ್ ಹತ್ತಿಸಬೇಡಿ. ತೆಗೆಸಲಿಲ್ಲ ಅಂದರೆ ಮೈಕು ನನ್ನ ಕೈಗೆ ಬಂದಾಗ ಏಳನೇ ಏಟಿನ ಕಥೆಯನ್ನು ನಿಮ್ಮಪ್ಪನ ಎದುರಿಗೇ, ನನ್ನ ಮರ್ಯಾದೆ ಮೂರುಕಾಸಿಗೆ ಹೋದರೂ ಸರಿ, ಹೇಳಿಯೇ ತೀರ್ತೀನಿ. ಆಮೇಲೆ ನಮ್ಮ ಸ್ನೇಹ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ. ನನಗೆ ನಿನ್ನಷ್ಟು ಬೇಕಾದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ, ಅದನ್ನೂ ಇಲ್ಲೇ ಬರೆದಿಟ್ಟಿದ್ದೀನಿ.

ಉತ್ತರಕ್ಕೆ ಕಾಯ್ತಿರೋ ನಿನ್ನ
ಮಲ್ಲಿ

ಮತ್ತೆ ಬುಧವಾರ ಸಂಜೆ ಬರೆದದ್ದು:

ಕಾಗದವನ್ನು ಇನ್ನೂ ಕಳಿಸಿರಲಿಲ್ಲ ಕಣೆ. ನಿನ್ನ ಉತ್ತರಕ್ಕೆ ಕಾಯೋದು ಹೇಡಿತನ ಅನ್ನಿಸಿ ಇವತ್ತು ರಜೆ ಹಾಕಿದೆ. ಬೀರೂರಿಗೆ ರೈಲು, ಅಲ್ಲಿಂದ ಕಡೂರು, ಕಡೂರಿನಿಂದ ಯಗಟಿ ಬಸ್ಸು. ಕಡೂರಿನಲ್ಲಿ ನಿಮ್ಮ ಬೀದಿ ಮುಂದೇ ಹೋದರೂ ನಿನ್ನ ಮನೆಗೆ ಬರಲಿಲ್ಲ, ಬೈಕೋಬೇಡ. ಹಾಲಮ್ಮ ಕುರಿ ರೊಪ್ಪದ ಮುಂದೆ ಮರಿಗೆ ಹಾಲು ಕುಡಿಸ್ತಿದ್ದಳು. ನನ್ನನ್ನು ಬಲಗಡೆಗೆ ಕೂರಿಸಿಕೊಂಡಳು, ಆ ಕಡೆ ಮಾತ್ರ ಕೇಳಿಸುತ್ತೆ.

ಭಾನುವಾರ ಬರಬೇಡ ಅಂತ ಹೇಳಿದೆ. ಅವಳಿಗೆ ಎಲ್ಲ ಗೊತ್ತಿತ್ತು, ಓಂಕಾರೇಶ ಬಂದು ಹೇಳಿ ಹೋಗಿದ್ದಾನೆ. ಏಳನೇ ಏಟು ನಂದೇ ಅಂತ ಹೇಳಿ ಅತ್ತೆ. ಗೊತ್ತು ಕಣೆ, ನಿನ್ನ ಮುಖ ನನ್ನ ಮುಖದ ಮುಂದೇ ಇತ್ತಲ್ಲ, ನಗ್ತಿದ್ದೆ ನೀನು ಅಂದಳು. ಅಷ್ಟು ಹೇಳಿ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಕ್ಷಮಿಸಿದೆ ಅಂತ ಅನ್ನಲಿಲ್ಲ. ನಾನೂ ಬಲವಂತ ಮಾಡಿ ಕೇಳಲಿಲ್ಲ.

ಆಮೇಲೆ ಇನ್ನೊಂದು ಮಾತು ಹೇಳಿದಳು, ಅದಕ್ಕೇ ಈ ಕಾಗದ ಬಿಚ್ಚಿ ಮತ್ತೆ ಬರೀತಿರೋದು. ಅವತ್ತಿನ ಪ್ರಶ್ನೆಗೆ ಅವಳಿಗೆ ಉತ್ತರ ಗೊತ್ತಿತ್ತಂತೆ. ಅವರಪ್ಪ ವೇದಾವತಿ ದಂಡೆ ಹಿಡಿದೇ ಕುರಿ ಮೇಯಿಸಿಕೊಂಡು ಹೋಗ್ತಿದ್ದನಂತೆ, ಆ ನೀರು ಎಲ್ಲಿಗೆ ಹೋಗುತ್ತೆ ಅಂತ ನಡೆಯೋದು ಕಲಿತಾಗಿಂದ ಗೊತ್ತು ಅಂದಳು. ಮತ್ತೆ ಯಾಕೆ ಹೇಳಲಿಲ್ಲವೇ ಅಂದೆ. ಕೋಮಲಾ ನನ್ನ ಮುಂದೆ ನಿಂತಿದ್ಲು, ಭಯಕ್ಕೆ ಲಂಗ ಒದ್ದೆ ಮಾಡ್ಕೊಂಡಿದ್ಲು, ನಾನು ಉತ್ತರ ಹೇಳಿದ್ರೆ ಅವಳಿಗೆ ಹೊಡೀಬೇಕಾಗೋದು, ಹೆಂಗೆ ಹೊಡೀಲಿ ಹೇಳು ಅಂದಳು.

ಭಾನುವಾರ ಬಂದೇ ಬತ್ತಾಳಂತೆ. ಪಟ್ಟಿಯಿಂದ ಆ ಹತ್ತು ನಿಮಿಷವನ್ನು ತೆಗೆಸಬೇಡ ಅಂದಳು. ಮೇಷ್ಟ್ರು ಅದೇ ಪ್ರಶ್ನೆ ಕೇಳಲಿ, ನೀನು ಅವತ್ತಿನ ಹಾಗೇ ಅವಳ ಮುಂದೆ ನಿಂತಿರಬೇಕಂತೆ. ಅವಳು ತುಂಗಭದ್ರೆ ಅಂತ ಹೇಳಿ, ಯಾರಿಗೂ ಹೊಡೀದೆ ಹೋಗಿ ಕೂತ್ಕೋತಾಳಂತೆ. ಹಂಗೂ ಮಾಡ್ಬೋದಿತ್ತಲ್ಲೇ ಮಲ್ಲಿ, ಉತ್ತರ ಹೇಳಿ ಸುಮ್ನೆ ಕೂತ್ಕೋಬೋದಿತ್ತು, ಅವತ್ತು ನಂಗೆ ತೋಚಲೇ ಇಲ್ಲ ನೋಡು ಅಂದಳು.

ನನಗೂ ತೋಚಿರಲಿಲ್ಲ.