ಒಂದು ಪೇಡೆಯಿಂದ ಏನಾಗುತ್ತದೆ ಎಂದು ಕೇಳಿದ ಮುಖ್ಯ ಅತಿಥಿಗಳಿಗೆ

ಮಾನ್ಯ ಮುಖ್ಯ ಅತಿಥಿಗಳೇ,

ಕಳೆದ ತಿಂಗಳು ದಾವಣಗೆರೆಯ ಪಿ.ಜೆ. ಬಡಾವಣೆಯ ಬಂಜೆತನ ಚಿಕಿತ್ಸಾ ಆಸ್ಪತ್ರೆಯೊಂದರಲ್ಲಿ ಹೊಸ ಆಪರೇಷನ್ ಥಿಯೇಟರಿನ ರಿಬ್ಬನ್ ಕತ್ತರಿಸಿದಿರಿ. ಆಮೇಲೆ ಅದೇ ಥಿಯೇಟರಿಗೆ ಹೋಗಲು ಖಾಲಿ ಹೊಟ್ಟೆಯಲ್ಲಿ ಕಾದು ಕೂತಿದ್ದ ನನ್ನ ಬಾಯಿಗೆ ಕೈಯಾರೆ ಒಂದು ಪೇಡೆ ತುರುಕಿದಿರಿ. ಆ ಪೇಡೆಯ ದೆಸೆಯಿಂದ ನಾನು ಇನ್ನು ತಾಯಿಯಾಗುವುದಿಲ್ಲ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ, ಅಭಿನಂದನೆಗಳು.

ನಿಮ್ಮ ಹೆಸರು ಬರೆಯುವುದಿಲ್ಲ. ಜನರ ಆರೋಗ್ಯ ನೋಡಿಕೊಳ್ಳಲೆಂದು ಸರ್ಕಾರ ನಿಮಗೊಂದು ಕುರ್ಚಿ, ಒಂದು ಜೀಪು, ಒಂದು ಸಹಿ ಕೊಟ್ಟಿದೆ ಎಂದರೆ ಸಾಕು. ನಾನು ಹರಿಹರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠ ಮಾಡುವವಳು. ಮಕ್ಕಳು ಮುಸಿಮುಸಿ ನಕ್ಕರೂ ಅರ್ಥ ಮಾಡಿಕೊಳ್ಳುತ್ತಾರೆ. ನೀವು ಅಂದು ನಕ್ಕಿದ್ದಷ್ಟೇ ಕಂಡಿತು, ಆದ್ದರಿಂದ ನಿಮಗಾಗಿ ಇನ್ನೊಮ್ಮೆ ಹೇಳುತ್ತೇನೆ.

ಹೆಣ್ಣಿನ ದೇಹ ತಿಂಗಳಿಗೆ ಸಾಮಾನ್ಯವಾಗಿ ಒಂದು ಅಂಡವನ್ನು ಹಣ್ಣು ಮಾಡುತ್ತದೆ. ಐವಿಎಫ್‌ನಲ್ಲಿ ಒಂದೇ ಸಲಕ್ಕೆ ಹಲವು ಅಂಡ ಬೆಳೆಯಲೆಂದು ಹತ್ತು-ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚುತ್ತಾರೆ. ನನಗೆ ಚುಚ್ಚಿದ್ದು ನನ್ನ ಗಂಡ ನಯೀಮ್. ಅವರದು ಕಬ್ಬಿಣದ ಬೀರು ಮಾಡುವ ವರ್ಕ್‌ಶಾಪ್. ದಿನವಿಡೀ ತಗಡು ಕೊರೆಯುವವರು, ಸಿರಿಂಜ್ ಹಿಡಿದರೆ ಮೂರು ಸಲ ಬಿಸ್ಮಿಲ್ಲಾ ಹೇಳಿ ಆಮೇಲೆ ಚುಚ್ಚುತ್ತಿದ್ದರು. ಹೊಟ್ಟೆ ಊದಿಕೊಂಡು ಸೀರೆ ಕಟ್ಟಲಾಗದೆ ನೈಟಿಯಲ್ಲೇ ಕೂತು ಉತ್ತರಪತ್ರಿಕೆ ತಿದ್ದಿದೆ. ದಿನ ಬಿಟ್ಟು ದಿನ ಸ್ಕ್ಯಾನಿಂಗಿಗೆಂದು ದಾವಣಗೆರೆ ಬಸ್ಸಿನಲ್ಲಿ ನಿಂತೇ ಹೋಗಿಬಂದೆ. ಅಂಡಗಳು ಬೆಳೆದ ಮೇಲೆ ಕೊನೆಯದೊಂದು ಇಂಜೆಕ್ಷನ್ ಇದೆ. ಅದು ಅವುಗಳನ್ನು ಪೂರ್ತಿ ಹಣ್ಣು ಮಾಡಿ ಹೊರಡಲು ಅಣಿಗೊಳಿಸುತ್ತದೆ. ಅಲ್ಲಿಂದ ಸುಮಾರು ಮೂವತ್ತಾರು ಗಂಟೆಗೆ, ಅವು ತಾವಾಗಿ ಸಿಡಿದು ಹೊಟ್ಟೆಯೊಳಗೆ ಕಳೆದುಹೋಗುವ ಮುಂಚೆ, ಮಂಪರು ಕೊಟ್ಟು ಸೂಜಿಯಿಂದ ಹೀರಿ ತೆಗೆಯಬೇಕು. ಹಾಗೆ ತೆಗೆದ ಅಂಡವನ್ನು ಲ್ಯಾಬಿನಲ್ಲಿ ಗಂಡನ ವೀರ್ಯದೊಂದಿಗೆ ಕೂಡಿಸಿ, ಭ್ರೂಣ ಮೂರರಿಂದ ಐದು ದಿನ ಬೆಳೆದ ಮೇಲೆ ಗರ್ಭಕ್ಕೆ ಬಿಡುತ್ತಾರೆ. ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ. ಆ ಭಾಗ್ಯವನ್ನೇ ನೋಡದ ನಾನು ಅದರ ಬಗ್ಗೆ ಹೆಚ್ಚು ಹೇಳಲಾರೆ.

ನಮ್ಮಂಥ ಊರುಗಳಲ್ಲಿ ಇನ್ನೊಂದು ಏರ್ಪಾಡಿದೆ. ಲ್ಯಾಬ್ ನೋಡಿಕೊಳ್ಳುವ ತಜ್ಞರು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಂದು ಕೆಲವೇ ದಿನ ಇದ್ದು ಹೋಗುತ್ತಾರೆ. ಅವರು ಬರುವ ತಾರೀಖಿಗೆ ಸರಿಯಾಗಿ, ಮಾತ್ರೆ ನುಂಗಿಸಿ ನಮ್ಮೆಲ್ಲರ ಮುಟ್ಟನ್ನು ಹೊಂದಿಸುತ್ತಾರೆ. ಇದಕ್ಕೆ ಬ್ಯಾಚ್ ಎನ್ನುತ್ತಾರೆ. ಆ ಸಲದ ಬ್ಯಾಚಿನಲ್ಲಿ ನಾವು ಆರು ಜನ. ನಮ್ಮ ಗರ್ಭಕೋಶಗಳು ಕೂಡ ಬೆಂಗಳೂರಿನವರ ಟೈಮಿಗೆ ತಕ್ಕಂತೆ ನಡೆದುಕೊಂಡವು. ಆ ದಿನ ಟೈಮಿಗೆ ಬಾರದವರು ನೀವೊಬ್ಬರೇ.

ಹೊಸ ಥಿಯೇಟರಿನ ಬಾಗಿಲಿಗೆ ರಿಬ್ಬನ್ ಕಟ್ಟಿತ್ತು, ಹಳೆಯ ಥಿಯೇಟರನ್ನು ಬಿಚ್ಚಿ ಹಾಕಿದ್ದರು. ಮುಖ್ಯ ಅತಿಥಿಗಳು ಕತ್ತರಿಸುವ ಮುಂಚೆ ಒಳಗೆ ಕಾಲಿಡುವುದು ಹೇಗೆ? ಡಾಕ್ಟರು ಗೇಟಿನ ಕಡೆ ನೋಡುತ್ತಾ ಕೈ ಹಿಸುಕಿಕೊಳ್ಳುತ್ತಿದ್ದರು. ಅವರಿಗೆ ಬೇರೆ ಪತ್ರ ಬರೆದಿದ್ದೇನೆ, ನೀವು ಹೊಟ್ಟೆಕಿಚ್ಚು ಪಡಬೇಕಿಲ್ಲ. ನಾವು ಆರು ಹೆಂಗಸರು ಹಸಿರು ಗೌನು ತೊಟ್ಟು ಸಾಲಾಗಿ ಕೂತಿದ್ದೆವು. ರಂಜಾನಿನ ಉಪವಾಸ ಹಿಡಿದವಳಿಗೆ ಹಸಿವು ದೊಡ್ಡದಲ್ಲ. ಆದರೆ ಗಡಿಯಾರ ನೋಡಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುವುದಿದೆಯಲ್ಲ, ಅದನ್ನು ಯಾವ ರೋಜಾ ಕೂಡ ನನಗೆ ಕಲಿಸಿರಲಿಲ್ಲ. ಎರಡೂವರೆ ಗಂಟೆ ತಡವಾಗಿ ಬಂದಿರಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ವಾಗತ ಭಾಷಣ ಎಲ್ಲ ಆಯಿತು. ನಿಮ್ಮ ಭಾಷಣದಲ್ಲಿ ತಾಯ್ತನ ಎಂಬ ಮಾತು ಎಷ್ಟು ಸಲ ಬಂತು ಎಂದು ಎಣಿಸುವಷ್ಟು ಪುರಸೊತ್ತು ನನಗಿರಲಿಲ್ಲ.

ಆಮೇಲೆ ಫೋಟೋಗ್ರಾಫರ್ ರೋಗಿಗಳ ಜೊತೆಗೂ ಒಂದು ಫೋಟೋ ಬೇಕೆಂದ. ನೀವು ಪೇಡೆಯ ಬಾಕ್ಸ್ ಎತ್ತಿಕೊಂಡಿರಿ. ಮೊದಲು ಸಿಕ್ಕವಳು ಕಡರನಾಯಕನಹಳ್ಳಿಯ ರೂಪಶ್ರೀ. ಅವಳು ಮುಖ ಕಿವುಚಿ, "ಬ್ಯಾಡ್ರಿ ಸರ್, ವಾಂತಿ ಬಂದಂಗಾಗ್ತೈತಿ" ಎಂದಳು. ನೀವು ಥಟ್ಟನೆ ಹಿಂದೆ ಸರಿದಿರಿ, ಹೊಸ ಶಾಲಿನ ಚಿಂತೆ ಇರಬೇಕು. ಮುಂದಿನ ಕುರ್ಚಿ ನನ್ನದು.

"ಸರ್, ಆಪರೇಷನ್ ಐತ್ರಿ, ಏನೂ ತಿನ್ನಂಗಿಲ್ರಿ" ಎಂದೆ.

"ಏ, ಒಂದ್ ಪೇಡೆಯಿಂದ ಏನಾಗ್ತೈತಮ್ಮ? ಶುಭಕಾರ್ಯ! ಬಾಯಿ ತೆಗಿ" ಎಂದಿರಿ.

ನನ್ನ ಅತ್ತೆ ಬೀಬಿಜಾನ್ ಹಿಂದೆಯೇ ನಿಂತಿದ್ದರು. ಎಪ್ಪತ್ತು ದಾಟಿದ ಜೀವ, ದೊಡ್ಡ ಸಾಹೇಬರೊಬ್ಬರು ತಮ್ಮ ಸೊಸೆಯ ಮುಂದೆ ಬಾಗಿ ನಿಂತಿದ್ದನ್ನು ಕಂಡು ಅವರ ಕಣ್ಣು ತುಂಬಿತ್ತು. "ತಿನ್ನು ಬೇಟಾ, ದೊಡ್ಡೋರು ಪ್ರೀತೀಲಿ ಕೊಡಾಕ ಹತ್ಯಾರ, ಬ್ಯಾಡ ಅನಬ್ಯಾಡ" ಎಂದರು. ಬಾಯಿ ತೆಗೆದೆ. ದವಡೆಯಲ್ಲಿ ಒತ್ತಿ ಹಿಡಿದು ಆಮೇಲೆ ಉಗಿಯೋಣ ಎಂದುಕೊಂಡಿದ್ದೆ. "ಇನ್ನೊಂದ್ಸಲ ಸರ್, ಮೇಡಂ ನಗ್ರಿ" ಎಂದ ಫೋಟೋಗ್ರಾಫರ್. ನೀವು ಉಳಿದರ್ಧವನ್ನೂ ಬೆರಳಿನಿಂದ ಒಳಗೆ ತಳ್ಳಿದಿರಿ. ನಾನು ನಕ್ಕೆ, ನುಂಗಿದೆ. ಅಷ್ಟು ಜನರ ಮುಂದೆ ದೊಡ್ಡವರು ಕೊಟ್ಟದ್ದನ್ನು ಉಗುಳಲು ನನ್ನನ್ನು ಯಾರೂ ಬೆಳೆಸಿರಲಿಲ್ಲ, ಸ್ವಾಮಿ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಒಂದು ಪೇಡೆಯಿಂದ ಏನಾಗುತ್ತದೆ ಎಂದರೆ, ಅರಿವಳಿಕೆ ಡಾಕ್ಟರು ಇನ್ನು ಆರು ಗಂಟೆ ಕಾಲ ನನ್ನನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಹೊಟ್ಟೆಯಲ್ಲಿ ಆಹಾರವಿದ್ದಾಗ ಮಂಪರು ಕೊಟ್ಟರೆ ಅದು ಉಸಿರಿನ ನಾಳಕ್ಕೆ ನುಗ್ಗಿ ಪ್ರಾಣ ಹೋಗಬಹುದು. ಇದು ಆಯಾಗೂ ಗೊತ್ತು, ವಾರ್ಡ್‌ಬಾಯ್‌ಗೂ ಗೊತ್ತು, ಆಸ್ಪತ್ರೆಗಳನ್ನು ತಪಾಸಣೆ ಮಾಡುವ ನಿಮಗೆ ಗೊತ್ತಿಲ್ಲ. ನಿಮಗೆ ಫೋಟೋ ಸಿಕ್ಕಿದ್ದರಿಂದ ಪೇಡೆ ತಪ್ಪಿಸಿಕೊಂಡ ಉಳಿದ ಐವರನ್ನು ಒಬ್ಬೊಬ್ಬರಾಗಿ ಒಳಗೆ ಒಯ್ದರು. ನನ್ನ ಅಂಡಗಳು ಆರು ಗಂಟೆ ಕಾಯುವಂತಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು, ಮಂಪರು ಬೇಡ, ಹಾಗೆಯೇ ತೆಗೆಯಿರಿ ಎಂದು ಡಾಕ್ಟರ ಕೈ ಹಿಡಿದುಕೊಂಡೆ. ಅವರೆಲ್ಲರದು ಮುಗಿದ ಮೇಲೆ ಕೊನೆಗೆ ಒಪ್ಪಿದರು. ಇಬ್ಬರು ನರ್ಸ್‌ಗಳು ಕಾಲು ಒತ್ತಿ ಹಿಡಿದರು. ಸೂಜಿ ಒಳಗೆ ಹೋದಾಗ ನಾನು ಕೂಗಿದ್ದು ಕೆಳಗೆ ಔಷಧಿ ಅಂಗಡಿಯಲ್ಲಿದ್ದ ನಯೀಮ್‌ಗೆ ಕೇಳಿಸಿತಂತೆ. ಬರೀ ನೀರು ಬಂತು. ಅಂಡಗಳು ಆಗಲೇ ಸಿಡಿದುಹೋಗಿದ್ದವು. ಅಷ್ಟು ಹೊತ್ತಿಗೆ ನೀವು ಮಧ್ಯಾಹ್ನದ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡಿರುತ್ತೀರಿ.

ಇನ್ನೊಮ್ಮೆ ಪ್ರಯತ್ನಿಸಬಾರದೇ ಎಂದು ನೀವು ಕೇಳಬಹುದು. ನನಗೆ ನಲವತ್ತೆರಡು. ಸ್ವಂತ ಅಂಡದಲ್ಲಿ ಇದೇ ಕೊನೆಯ ಪ್ರಯತ್ನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೇರೆಯವರ ಅಂಡ ತರಬಹುದು, ಆದರೆ ನಮ್ಮ ಮನೆಯಲ್ಲಿ, ನಮ್ಮ ನಂಬಿಕೆಯಲ್ಲಿ ಅದು ಆಗದ ಮಾತು. ರೂಪಶ್ರೀ ಈಗ ಬಸುರಿ. ಅಂದಿನ ವಾಂತಿ ಬರೀ ನೆಪ ಎಂದು ಆಮೇಲೆ ಅವಳೇ ಹೇಳಿದಳು. ಸುಳ್ಳು ಹೇಳಿದವಳ ಮಡಿಲು ತುಂಬಿತು, ನಿಜ ಹೇಳಿ ಬಾಯಿ ತೆಗೆದವಳದು ಬರಿದಾಯಿತು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದಿಲ್ಲ. ನಿಮ್ಮ ಮೇಲಿರುವುದಕ್ಕೆ ಆ ಹೆಸರು ಸಾಲದು.

ಬೇಡಿಕೆ ಇಷ್ಟೇ. ಆಪರೇಷನ್ ಇರುವ ದಿನ ಯಾವ ಆಸ್ಪತ್ರೆಯಲ್ಲೂ ಸಮಾರಂಭ ಕೂಡದು, ಅತಿಥಿಗಳು ರೋಗಿಗಳ ಹತ್ತಿರ ಸುಳಿಯಕೂಡದು ಎಂದು ಆದೇಶ ಹೊರಡಿಸಿ. ಆದೇಶಕ್ಕೆ ಕಾರಣ ಬರೆಯುವ ಪದ್ಧತಿ ನಿಮ್ಮಲ್ಲಿದೆ. ಅಲ್ಲಿ "ನಾನು ತಿನ್ನಿಸಿದೆ" ಎಂದು ಬರೆದು ಸಹಿ ಹಾಕಿ.

ಇನ್ನೊಂದು ಕೆಲಸ ಇದೆ. ಅಂಡ ಸಿಗಲಿಲ್ಲ, ಅಲ್ಲಾಹನ ಮರ್ಜಿ ಎಂದಷ್ಟೇ ಬೀಬಿಜಾನ್‌ಗೆ ಹೇಳಿದ್ದೇನೆ. ತಿನ್ನು ಎಂದ ತಮ್ಮ ಮಾತಿಗೂ ಖಾಲಿ ತೊಟ್ಟಿಲಿಗೂ ಇರುವ ಸಂಬಂಧ ಅವರಿಗೆ ಗೊತ್ತಿಲ್ಲ. ಅವರಿಗೆ ಕನ್ನಡ ಓದಲು ಬಾರದು, ಆದರೆ ಪೇಪರಿಗೂ ಕಳಿಸುತ್ತಿರುವ ಈ ಪತ್ರವನ್ನು ಯಾರಾದರೂ ಓದಿ ಹೇಳಿಯೇ ಹೇಳುತ್ತಾರೆ. ಅದಕ್ಕೆ ಮುಂಚೆ ನೀವು ಹರಿಹರಕ್ಕೆ ಬಂದು, ತಪ್ಪು ನಿಮ್ಮದಲ್ಲಮ್ಮ, ನನ್ನದು ಎಂದು ಅವರಿಗೆ ಹೇಳಬೇಕು. ನಾನೇ ಹೇಳಿದರೆ ಅವರು ನಂಬುವುದಿಲ್ಲ, ತಮ್ಮನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಈ ಸಲವಾದರೂ ತಡ ಮಾಡಬೇಡಿ. ಅವರು ನಿಮ್ಮನ್ನು ಗುರುತು ಹಿಡಿದು, "ಬರ್ರಿ ಸಾಹೇಬ್ರ, ಕೂಡ್ರಿ" ಎಂದು ಖುಷಿಯಿಂದ ಒಳಗೆ ಹೋಗಿ ತಟ್ಟೆಯಲ್ಲಿ ಸಿಹಿ ತಂದು ನಿಮ್ಮ ಬಾಯಿಯ ಹತ್ತಿರ ಹಿಡಿಯುತ್ತಾರೆ. ಆಗ ಬೇಡ ಎನ್ನಲು ನಿಮ್ಮಿಂದ ಆಗುತ್ತದೆಯೋ ನೋಡೋಣ.

ಇಂತಿ,
ನಿಮ್ಮ ಫೋಟೋದಲ್ಲಿ ನಗುತ್ತಿರುವ ಹೆಂಗಸು,
ಆಮ್ನಾ, ಹರಿಹರ