ಕಾಗದದ ಬಾಗಿಲಿಗೆ ಬೀಗ

5-2-2007, ಸೋಮವಾರ. ಬೆಳಿಗ್ಗೆ 7.15
ಹಾಲು ಉಕ್ಕಿತು. ಒರೆಸಿದೆ. ಕಾಫಿ ಮೂರು ಲೋಟ ಮಾಡಿ, ಒಂದನ್ನು ಸಿಂಕಿಗೆ ಸುರಿದೆ. ಇವರು ಹೋಗಿ ಹದಿನೈದು ದಿನ. ಕೈಗೆ ಇನ್ನೂ ಗೊತ್ತಾಗಿಲ್ಲ.

ಮುಂದಿನ ಕೋಣೆಯ ಕಿಟಕಿಗೆ ಬಿಸಿಲು ಬಂದಿದೆ. ಮುಚ್ಚಿದ ಕಾಗದದ ಬಾಗಿಲ ಮೇಲೆ ನೆರಳು — ಕುಳ್ಳ ಮೇಜು, ಮೇಜಿನ ಮೇಲೆ ಇವರ ಕನ್ನಡಕ. ಕಾಲು ಗಂಟೆ ಇರುತ್ತದೆ. ನಿಂತು ನೋಡುತ್ತೇನೆ. ಅಳು ಬರುವುದಿಲ್ಲ. ಏನೂ ಬರುವುದಿಲ್ಲ.

6-2
ಶೃಂಗೇರಿಯಿಂದ ವಿದ್ಯಾಶಂಕರ ಭಟ್ಟರು ಬಂದಿದ್ದರು. ಇವರು ಹೋದದ್ದು ಧನಿಷ್ಠಾ ನಕ್ಷತ್ರದಲ್ಲಿ, ಪಂಚಕದೋಷವಂತೆ. ಜೀವ ಹೋದ ಕೋಣೆಯನ್ನು ಆರು ತಿಂಗಳು ಮುಚ್ಚಿಡಬೇಕು. ದೀಪವಿಲ್ಲ, ಗುಡಿಸುವಂತಿಲ್ಲ. ತಪ್ಪಿದರೆ ಮನೆಯಲ್ಲಿ ಮತ್ತೆ ಸಾವು ಎಂದು ಅತ್ತೆಗೆ ಭಯ. ಮನೆಯಲ್ಲಿರುವುದು ನಾವಿಬ್ಬರೇ.

ಮುಚ್ಚಲು ಆ ಬಾಗಿಲಿಗೆ ಚಿಲಕವೇ ಇಲ್ಲ. ಪಕ್ಕಕ್ಕೆ ಜಾರುವ ಮರದ ಚೌಕಟ್ಟು, ಅದಕ್ಕೆ ಅಂಟಿಸಿದ ಬಿಳಿ ಕಾಗದ. ಯಾವುದೋ ಎಸ್ಟೇಟಿನಲ್ಲಿ ಜಪಾನಿನ ಮನೆಗಳ ಪುಸ್ತಕ ನೋಡಿ ಬಂದ ಇವರು, ನಮ್ಮ ಮುಂದಿನ ಕೋಣೆಯನ್ನೇ ಹಾಗೆ ಮಾಡಿದರು. ತಮ್ಮ ‘ರಘುಪತಿ ಇಂಟೀರಿಯರ್ಸ್’ನ ಗಿರಾಕಿಗಳಿಗೆ ತೋರಿಸಲು ಸ್ಯಾಂಪಲ್. ಸೋಫಾ ಇಲ್ಲ, ಟಿವಿ ಇಲ್ಲ. ಚಾಪೆ, ಕುಳ್ಳ ಮೇಜು, ಗೋಡೆಯಲ್ಲೊಂದು ಖಾಲಿ ಗೂಡು — ಅದರಲ್ಲಿ ಬಾಟಲಿಗೆ ಸಿಕ್ಕಿಸಿದ ಒಂದು ಹೂವಿನ ಕಡ್ಡಿ. ಅದೂ ನಡುವೆ ಅಲ್ಲ, ಬದಿಗೆ. ಯಾವುದನ್ನೂ ನಡುವೆ ಇಟ್ಟವರಲ್ಲ ಇವರು. ಕೊಪ್ಪದಲ್ಲಿ ಎಲ್ಲರೂ ಕೇಳಿದ್ದು ಒಂದೇ: ಸಾಮಾನು ಯಾವಾಗ ಬರ್ತದೆ? ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

8-2
ಬಾಗಿಲು ಮಾಡಿದ ಹೂವಪ್ಪ ಆಚಾರಿಯನ್ನು ಅತ್ತೆ ಕರೆಸಿದರು. ಚಿಲಕದ ಕೊಂಡಿ ಹೊಡೆಯಬೇಕು. ಕೊಂಡಿ ಕೈಗೆ ತೆಗೆದುಕೊಳ್ಳಲೇ ಇಲ್ಲ ಅವನು.

“ಈ ಬಾಗ್ಲಿಗೆ ಒಂದು ಮೊಳೆ ಇಲ್ಲ ಅಮ್ಮ. ಎಲ್ಲ ಮರಕ್ಕೆ ಮರ ಕೂರ್ಸಿದ್ದು. ಅವ್ರು ಹೊಡೆಯಕ್ಕೆ ಬಿಡ್ಲಿಲ್ಲ. ಈಗ ಅವ್ರಿಲ್ಲ ಅಂತ ನಾನು ಹೊಡೆಯದಿಲ್ಲ.”

ಬೀಗವಿಲ್ಲದೆ ಮುಚ್ಚುವುದೆಂದರೆ ಎಂಥದು ಎಂದು ಅತ್ತೆ ಗೊಣಗಿದರು. ಅವನು ಬಿದಿರಿನ ತುಂಡೊಂದನ್ನು ಅಳೆದು ಕೊಯ್ದು ಬಾಗಿಲು ಜಾರುವ ಕೆಳಗಿನ ಜಾಡಿನಲ್ಲಿ ಮಲಗಿಸಿದ. ಬಾಗಿಲು ಅಲುಗಲಿಲ್ಲ. ಎರಡು ಬೆರಳಲ್ಲಿ ಎತ್ತಿದರೆ ಬರುತ್ತದೆ. ಕೂಲಿ ಬೇಡವೆಂದು ಹೋದ.

20-2
ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರು?

ಇವರು ಹೋದ ಆ ಭಾನುವಾರ ಬೆಳಿಗ್ಗೆ ಜಗಳ. ಮದುವೆಯಾದ ವರ್ಷ ಶೃಂಗೇರಿಯಲ್ಲಿ ಕೊಂಡ ಪ್ಲಾಸ್ಟರ್ ಬಾತುಕೋಳಿ, ಕೊಕ್ಕು ಮುರಿದದ್ದು, ಒಂಬತ್ತು ವರ್ಷದಿಂದ ಅಟ್ಟದಲ್ಲಿತ್ತು. ಇವರಿಗೆ ಅದನ್ನು ಕಂಡರಾಗದು. ಮಕ್ಕಳಂತೂ ಇಲ್ಲ, ಮನೆಯಲ್ಲೂ ಏನೂ ಇಲ್ಲ, ಬರಿದು ನೋಡಿ ನೋಡಿ ಸಾಕಾಗಿದೆ ಎಂದೆ. ಹೂವಿನ ಬಾಟಲಿ ತೆಗೆದು ಅಡುಗೆಮನೆಯಲ್ಲಿ ಕುಕ್ಕಿದೆ. ಗೂಡಿನ ನಟ್ಟನಡುವೆ ಬಾತುಕೋಳಿ ಇಟ್ಟೆ. ಇವರ ಮುಖವನ್ನೂ ನೋಡದೆ ನಾನು ಬಟ್ಟೆ ಒಗೆಯಲು ಹೋದೆ.

ಹನ್ನೊಂದಕ್ಕೆ ಕಾಫಿ ತಂದಾಗ ಚಾಪೆಯ ಮೇಲೆ ಮಲಗಿದ್ದರು. ನಿದ್ದೆ ಅಂದುಕೊಂಡೆ…

ಹೃದಯಾಘಾತ ಎಂದರು ಡಾಕ್ಟರು. ಆಮೇಲೆ ಜನ. ಗೂಡಿನ ಕಡೆ ನೋಡಲಿಲ್ಲ. ಸಂಜೆಗೆ ಬಾಗಿಲು ಎಳೆದರು. ಗೂಡು ಪಕ್ಕದ ಗೋಡೆಯಲ್ಲಿದೆ, ಅದರ ನೆರಳು ಕಾಗದಕ್ಕೆ ಬೀಳುವುದಿಲ್ಲ. ಇವರು ಬಾತುಕೋಳಿಯನ್ನು ಅಲ್ಲೇ ಬಿಟ್ಟರೋ, ಸಿಟ್ಟಲ್ಲಿ ಕಿತ್ತು ಎಸೆದು ಮಲಗಿದರೋ? ನನಗೆ ತಿಳಿಯಬೇಕಾದ್ದು ಅಷ್ಟೇ. ಬಿದಿರು ಎತ್ತಿದರೆ ಗೊತ್ತಾಗುತ್ತದೆ. ಎತ್ತುವುದಿಲ್ಲ. ಅತ್ತೆಯ ಭಯ ಸಾವಿನದು. ನನ್ನದು ಖಾಲಿ ಗೂಡಿನದು.

14-4
ಕಮ್ಮರಡಿಯಿಂದ ಮೈದುನ ನಾರಾಯಣ ಬಂದಿದ್ದ. ಅವಧಿ ಮುಗಿದ ದಿನವೇ ಕೋಣೆ ಖಾಲಿ ಮಾಡಿಸುತ್ತಾನಂತೆ.

“ಈ ಕಾಗ್ದ ಎಲ್ಲ ಕಿತ್ತು ಒಂದು ಒಳ್ಳೆ ಶೋಕೇಸ್ ಮಾಡಿಸುವ ಅತ್ತಿಗೆ. ನಿಮ್ಗೂ ಆಸೆ ಇತ್ತಲ್ಲ.”

ಇತ್ತು. ನೋಡುವ ಎಂದೆ.

27-6
ಕಾಗದಕ್ಕೆ ಬೂಷ್ಟು ಹಿಡಿದಿದೆ. ಬಿಸಿಲಿಲ್ಲ, ಕನ್ನಡಕದ ನೆರಳೂ ಇಲ್ಲ. ಆದರೂ 7.15ಕ್ಕೆ ನಿಲ್ಲುತ್ತೇನೆ. ಕಾಫಿ ಈಗ ಎರಡೇ ಲೋಟ ಮಾಡುತ್ತೇನೆ. ಯಾವತ್ತಿನಿಂದ ಎಂದು ನೆನಪಿಲ್ಲ.

20-7
ನಾಳೆ ಶಾಂತಿ, ಬಾಗಿಲು ತೆಗೆಯುವುದು. ಆಷಾಢ ಎಂದು ಅತ್ತೆ ಅಳುಕಿದರು, ಶಾಂತಿಗೆ ಅಡ್ಡಿಯಿಲ್ಲ ಎಂದರು ಭಟ್ಟರು. ಹಿಟ್ಟು ರುಬ್ಬಿಟ್ಟೆ. ಉಪ್ಪು ಹಾಕಿದೆನೋ ಇಲ್ಲವೋ.

21-7, ಶನಿವಾರ. 11.40
ಶಾಂತಿ ಮುಗಿಯಿತು. ನಾರಾಯಣ ಬಗ್ಗಿದ, ಅವನಿಗಿಂತ ಮೊದಲು ನಾನು ಬಿದಿರು ಎತ್ತಿದೆ. ಬಾಗಿಲು ಉಬ್ಬಿತ್ತು, ಎರಡು ಕೈ ಹಾಕಿ ಎಳೆದೆ. ಧೂಳು. ಚಾಪೆಯ ವಾಸನೆ.

ಬಾತುಕೋಳಿ ಇದೆ.

ನಡುವೆ ಇಲ್ಲ. ಎಡಕ್ಕೆ ನಾಲ್ಕು ಬೆರಳು ಸರಿದಿದೆ. ಮುರಿದ ಕೊಕ್ಕು ಕಾಣದ ಹಾಗೆ ಮುಖ ಗೋಡೆಯ ಕಡೆ ಓರೆ. ಬಲಗಡೆ, ಸ್ವಲ್ಪ ಹಿಂದೆ, ನಾನು ಅಡುಗೆಮನೆಯಲ್ಲಿ ಕುಕ್ಕಿದ್ದ ಬಾಟಲಿ. ಆ ಗಲಾಟೆಯಲ್ಲಿ ಯಾರೋ ಎಸೆದಿರಬೇಕು ಎಂದುಕೊಂಡಿದ್ದೆ; ಇವರೇ ಹೋಗಿ ತಂದಿದ್ದಾರೆ. ಕಡ್ಡಿ ಒಣಗಿದೆ. ಎರಡನ್ನೂ ಜೋಡಿಸಿ, ಎದ್ದು ನಿಂತು ನೋಡಿ, ಆಮೇಲೆ ಮಲಗಿದ್ದಾರೆ.

ಮೊದಲು ಈ ಕಸ ತೆಗೆಯುವ ಎಂದು ನಾರಾಯಣ ಗೂಡಿಗೆ ಕೈ ಹಾಕಿದ.

“ಮುಟ್ಬೇಡ. ಅದು ಅವ್ರು ಇಟ್ಟದ್ದು.”

ಅಷ್ಟು ಅನ್ನುವಾಗಲೇ ಅಳು ಬಂತು.